ವಿನ್ಸೆಂಟ್ ಮಾಡಿದ ಬಿಯರೂ ನಾನು ಬಗ್ಗಿಸಿದ ನೊರೆಯೂ

ಸಾವಿನ ಮನೆಯಲ್ಲಿ ಮಾಡಬೇಕಾದ ಕೆಲಸಗಳಲ್ಲಿ ಒಂದೂ ನನಗೆ ಬರುವುದಿಲ್ಲ. ಸಮಾಧಾನ ಹೇಳಲು ಬಾಯಿ ತೆರೆದರೆ ಹವಾಮಾನದ ಮಾತು ಹೊರಬೀಳುತ್ತದೆ. ಅಡುಗೆ ಗೊತ್ತಿಲ್ಲ. ಭಾರ ಎತ್ತೋಣವೆಂದರೆ ಸೊಂಟ ಒಪ್ಪುವುದಿಲ್ಲ. ಹೀಗಾಗಿ ಅಂಥ ಮನೆಗಳಲ್ಲಿ ನಾನು ಹಗುರವಾದ ಕುರ್ಚಿಗಳನ್ನು ಹುಡುಕಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುತ್ತೇನೆ, ಯಾರೂ ನೋಡದಿದ್ದಾಗ ವಾಪಸು ತಂದಿಡುತ್ತೇನೆ. ಆದ್ದರಿಂದ ವಿನ್ಸೆಂಟನ ಹೆಂಡತಿ ಲವೀನಾ, ಗಂಡನ ಅಂತ್ಯಕ್ರಿಯೆಯ ಹಿಂದಿನ ದಿನ ನನಗೊಂದು ನಿಜವಾದ ಕೆಲಸ ವಹಿಸಿದಾಗ, ಹಿಂದುಮುಂದು ನೋಡದೆ ಹೂಂ ಅಂದುಬಿಟ್ಟೆ.

ವಿನ್ಸೆಂಟ್ ಉಡುಪಿ ಕಡೆಯವನು. ಇಲ್ಲಿ ಇಂಗ್ಲಿಷರ ಊರು ಹ್ಯಾರೋದಲ್ಲಿ ನಮ್ಮದೇ ಬೀದಿ. ರೈಲ್ವೆ ಸಿಗ್ನಲ್ ರಿಪೇರಿಯ ಕೆಲಸ. ಅವನ ಕಾರು ವರ್ಷಪೂರ್ತಿ ಬೀದಿಯಲ್ಲಿ ಮಳೆಗೆ ನೆನೆಯುತ್ತಿತ್ತು, ಏಕೆಂದರೆ ಗ್ಯಾರೇಜಿನಲ್ಲಿ ಬಿಯರ್ ಹುದುಗುತ್ತಿತ್ತು. ನಾನು ಧಾರವಾಡದವನು. ನಮ್ಮ ಮನೆಯಲ್ಲಿ ಹುದುಗುತ್ತಿದ್ದದ್ದು ದೋಸೆಹಿಟ್ಟು ಮಾತ್ರ. ಶನಿವಾರ ಮಧ್ಯಾಹ್ನ ಅವನು ಪಾತ್ರೆ ತೊಳೆಯುವುದು, ಕುದಿಸುವುದು, ಸೋಸುವುದು ಮಾಡುತ್ತಿದ್ದರೆ ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಕ್ಯಾನರಿ ವಾರ್ಫಿನ ಆಫೀಸಿನಲ್ಲಿರುವ ನನ್ನ ಮ್ಯಾನೇಜರನನ್ನು ಬಯ್ಯುತ್ತಿದ್ದೆ. ನೋಡಿದವರು ‘ಇಬ್ಬರೂ ಸೇರಿ ಬಿಯರ್ ಮಾಡುತ್ತಾರೆ’ ಎಂದು ತಿಳಿದುಕೊಂಡರು. ಅವರನ್ನು ತಿದ್ದುವ ಗೋಜಿಗೆ ನಾನು ಹೋಗಲಿಲ್ಲ.

ತನ್ನ ನಿವೃತ್ತಿಯ ಪಾರ್ಟಿಗೆಂದು ವಿನ್ಸೆಂಟ್ ಒಂದು ಕೆಗ್ ತುಂಬ ಬಿಯರ್ ಮಾಡಿಟ್ಟಿದ್ದ. ಕೆಗ್ ಅಂದರೆ ಸ್ಟೀಲಿನ ಪೀಪಾಯಿ. ಒಂದು ಕಡೆಯಿಂದ ಸಿಲಿಂಡರಿನ ಗ್ಯಾಸು ಒಳಗೆ ಹೋಗಿ ಒತ್ತುತ್ತದೆ, ಇನ್ನೊಂದು ಕಡೆ ನಲ್ಲಿಯಿಂದ ಬಿಯರ್ ಹೊರಗೆ ಬರುತ್ತದೆ. ಅದನ್ನು ಗ್ಯಾರೇಜಿನ ಫ್ರಿಜ್ಜಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವನು ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಸಿದು ಕೂತ. ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು.

ಊರಲ್ಲಾಗಿದ್ದರೆ ಒಂದೆರಡು ದಿನಗಳಲ್ಲಿ ಎಲ್ಲ ಮುಗಿಯುತ್ತಿತ್ತು. ಇಲ್ಲಿ ಸತ್ತವರೂ ಕ್ಯೂ ನಿಲ್ಲಬೇಕು. ಇಲ್ಲಿನ ಸರಕಾರಿ ಡಾಕ್ಟರು ಜಿಪಿಯ ಅಪಾಯಿಂಟ್‌ಮೆಂಟಿಗೆ ಕಾದ ಹಾಗೆ ನಾವು ಮಣ್ಣಿಗೂ ವಾರಗಟ್ಟಲೆ ಕಾದೆವು. ಆ ವಾರಗಳಲ್ಲಿ ಲವೀನಾ ಅತ್ತದ್ದನ್ನು ಯಾರೂ ನೋಡಲಿಲ್ಲ. ಬಂದವರಿಗೆ ಚಹಾ ಮಾಡಿಕೊಟ್ಟು, ಕಪ್ಪು ತೊಳೆದು, ಒರೆಸಿ, ಮತ್ತೆ ತೊಳೆಯುತ್ತಿದ್ದರು. ಕೊನೆಗೆ ದಿನ ಗೊತ್ತಾದ ಮೇಲೆ ನನ್ನನ್ನು ಕರೆದರು.

“ಇಗರ್ಜಿಯ ಪೂಜೆ, ಮಣ್ಣು ಎಲ್ಲ ಮುಗಿಸಿ ಜನ ಮನೆಗೆ ಬರ್ತಾರೆ, ಪಾಟೀಲ್ರೇ. ಅವ್ರು ಮಾಡಿಟ್ಟ ಬಿಯರ್ ಉಂಟಲ್ಲ, ಎಲ್ಲರಿಗೂ ಒಂದೊಂದು ಗ್ಲಾಸ್ ಸಿಗ್ಬೇಕು. ನಿಮಗೆ ಅದೆಲ್ಲ ಗೊತ್ತುಂಟು.”

ನನಗೆ ಗೊತ್ತಿದ್ದದ್ದು ಗ್ಲಾಸಿನಿಂದ ಈಚಿನ ಭಾಗ ಮಾತ್ರ.

ಮರುದಿನ ಮಧ್ಯಾಹ್ನ ಮನೆ ತುಂಬ ಜನ. ಮುಂದಿನ ಕೋಣೆಯಲ್ಲಿ ಎಲ್ಲರೂ ಕೊಂಕಣಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಉಡುಪಿಯಿಂದ ಬಂದಿದ್ದ ವಿನ್ಸೆಂಟನ ಅಣ್ಣ ಅಲ್ಫೋನ್ಸ್, ತಮ್ಮನ ಹೆಸರಿನಲ್ಲಿ ನಾಲ್ಕು ಮಾತಾಡಿ ಗ್ಲಾಸು ಎತ್ತುವುದೆಂದು ನಿಶ್ಚಯವಾಗಿತ್ತು. ನಾನು ಗ್ಯಾರೇಜಿಗೆ ಹೋಗಿ, ಕೋಟಿನ ತೋಳು ಮಡಚಿ, ನಲ್ಲಿ ತಿರುಗಿಸಿದೆ. ಫುಸ್ ಎಂದು ಗ್ಲಾಸು ತುಂಬಿತು. ತುಂಬಿದ್ದು ನೊರೆ. ತಳದಲ್ಲಿ ಒಂದು ಚಮಚೆಯಷ್ಟು ಬಿಯರ್ ಇದ್ದಿರಬಹುದು. ಮೊದಲನೆಯದು ಹಾಗೆಯೇ ಬರುತ್ತದೆಂದು ಚೆಲ್ಲಿದೆ. ಎರಡನೆಯದೂ ಹಾಗೆಯೇ ಬಂತು. ಗ್ಲಾಸು ಓರೆ ಮಾಡಿದೆ, ಗ್ಲಾಸು ತಣ್ಣೀರಿನಲ್ಲಿ ತೊಳೆದೆ. ಹೆದರಿಕೊಂಡು ನಲ್ಲಿಯನ್ನು ಅರ್ಧವಷ್ಟೇ ತಿರುಗಿಸಿದೆ. ನೊರೆ ಇನ್ನೂ ರಭಸದಿಂದ ಚಿಮ್ಮಿ ಟೈ ಒದ್ದೆಯಾಯಿತು. ನಲ್ಲಿಯನ್ನು ಅರ್ಧ ತಿರುಗಿಸಿದರೆ ನೊರೆ ಹೆಚ್ಚುತ್ತದೆ, ಪೂರ್ತಿ ತಿರುಗಿಸಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ಒಬ್ಬರು ಬಂದು ಪೀಪಾಯಿಯಿಂದ ನಲ್ಲಿಗೆ ಬರುವ ಕೊಳವೆ ಗಿಡ್ಡವಾಯಿತು ಎಂದರು. ಇನ್ನೊಬ್ಬರು ಫ್ರಿಜ್ಜು ಸಾಲದು, ಐಸ್ ಬೇಕು ಎಂದರು. ಅಂಗಡಿಯಿಂದ ಐಸ್ ತರಿಸಿ ಪೀಪಾಯಿಯ ಸುತ್ತ ಪೇರಿಸಿದೆವು. ಬಕೆಟ್ಟು ತುಂಬಿತು. ಸಾವಿನ ಮನೆಯ ಗ್ಯಾರೇಜಿನಲ್ಲಿ ನಿಂತು, ಸತ್ತವನ ಶ್ರಮವನ್ನು ನಾನು ಬಕೆಟ್ಟು ಬಕೆಟ್ಟಾಗಿ ಮೋರಿಗೆ ಸುರಿಯುತ್ತಿದ್ದೆ.

ಕೊನೆಗೆ ವಿನ್ಸೆಂಟನ ಮಗಳು ರಿಯಾ ಗ್ಲಾಸುಗಳನ್ನು ಕೇಳಲು ಬಂದಳು. ಸಿಲಿಂಡರಿನ ಮೇಲಿನ ಮೀಟರ್ ತೋರಿಸಿ, ಮುಳ್ಳು ಅಷ್ಟು ಮೇಲೆ ಇರಬೇಕಾ ಅಂಕಲ್ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇರಬಾರದಿತ್ತು. ಸಾಮಾನ್ಯವಾಗಿ ಇರುವುದಕ್ಕಿಂತ ಬಹಳ ಮೇಲಿತ್ತು. ಇದನ್ನು ಯಾರು ಇಷ್ಟು ಹೆಚ್ಚಿಸಿದರು ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಉತ್ತರ ಬಾಗಿಲ ಕಡೆಯಿಂದ ಬಂತು. ಲವೀನಾ ನಿಂತಿದ್ದರು.

“ಅವ್ರೇ ಇಟ್ಟದ್ದು. ಹೊಸ ಬಿಯರಿಗೆ ಒಂದು ರಾತ್ರಿ ಗ್ಯಾಸ್ ಜೋರು ಇಡ್ಬೇಕಂತೆ. ಬೆಳಿಗ್ಗೆ ಕಡಿಮೆ ಮಾಡ್ಲಿಕ್ಕುಂಟು, ನೆನಪು ಮಾಡು ಅಂತ ನನ್ಹತ್ರ ಹೇಳಿದ್ರು.” ಕೈಯಲ್ಲಿದ್ದ ಕಪ್ಪು ಒರೆಸಿದರು. “ನಾನು ಮರ್ತೆ. ಅವ್ರೂ ಹೋದ್ರು.”

ಒಂದು ರಾತ್ರಿಗೆಂದು ಬಿಟ್ಟ ಗ್ಯಾಸು ಅಷ್ಟೂ ವಾರ ಒಳಗೆ ಹೋಗುತ್ತಲೇ ಇತ್ತು. ಏನಾದರೂ ಹೇಳಬೇಕಿತ್ತು. “ನೊರಿ ಬಂದ್ರ ಬರ್ಲಿ ಬಿಡ್ರಿ, ವೈನಿ,” ಎಂದೆ. ಅದಕ್ಕಿಂತ ಒಳ್ಳೆಯದು ನನಗೆ ಹೊಳೆಯಲಿಲ್ಲ.

ಗ್ಯಾಸು ಬಂದ್ ಮಾಡಿದೆ. ಗ್ಯಾಸು ಹೊರಬಿಡಲೆಂದು ಪೀಪಾಯಿಯ ಮುಚ್ಚಳದಲ್ಲಿರುವ ಉಂಗುರ ಎಳೆದಾಗ ಉಸಿರು ಬಿಟ್ಟ ಹಾಗೆ ಬಹಳ ಹೊತ್ತು ಸದ್ದಾಯಿತು. ಆದರೆ ಬಿಯರಿನೊಳಗೆ ಕರಗಿದ್ದ ಗ್ಯಾಸು ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಜನ ಕಾಯುತ್ತಿದ್ದರು. ರಿಯಾ ಮತ್ತು ನಾನು ನೊರೆಯ ಗ್ಲಾಸುಗಳನ್ನೇ ಟ್ರೇಯಲ್ಲಿಟ್ಟು ಒಳಗೆ ಒಯ್ದೆವು. ಅಲ್ಫೋನ್ಸ್ ಅವರು ತಮ್ಮನ ಬಗ್ಗೆ ಮಾತಾಡಲು ಎದ್ದರು, ಹೆಸರಿನಿಂದ ಮುಂದೆ ಹೋಗಲಾಗಲಿಲ್ಲ, ಗ್ಲಾಸು ಎತ್ತಿಬಿಟ್ಟರು. ಎಲ್ಲರೂ ಎತ್ತಿದರು. ಇಳಿಸಿದಾಗ ಕಪ್ಪು ಬಟ್ಟೆಯ ಅಷ್ಟೂ ಜನರಿಗೆ, ಹೆಂಗಸರು ಗಂಡಸರೆನ್ನದೆ, ಪಾದ್ರಿಗಳಿಗೂ ಸೇರಿ, ದಪ್ಪ ಬಿಳಿ ಮೀಸೆ ಬಂದಿತ್ತು. ಮೊದಲು ಯಾರು ಒರೆಸಿಕೊಳ್ಳುವುದೆಂದು ತಿಳಿಯದೆ ಎಲ್ಲರೂ ಗಂಭೀರವಾಗಿ ನಿಂತೇ ಇದ್ದರು. ಲವೀನಾ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ನಕ್ಕರು. ಆ ನಗು ಎಲ್ಲಿ ಅಳುವಾಯಿತೋ ನನಗೆ ಗೊತ್ತಾಗಲಿಲ್ಲ. ರಿಯಾ ತಾಯಿಯನ್ನು ಹಿಡಿದುಕೊಂಡಳು. ನಾನು ಒಂದು ಕುರ್ಚಿ ತಂದೆ, ಆ ಸಲ ಅದು ಬೇಕಾಗಿತ್ತು.

ಮುಂದಿನ ವಾರವೆಲ್ಲ ಆಫೀಸಿನಿಂದ ಬರುತ್ತ ಆ ಗ್ಯಾರೇಜಿಗೆ ಹೋಗಿ, ಉಂಗುರ ಎಳೆದು ಅಷ್ಟಷ್ಟೇ ಗ್ಯಾಸು ಬಿಟ್ಟು ಬರುತ್ತಿದ್ದೆ. ವಾರದ ಕೊನೆಗೆ ಬಿಯರ್ ತಿಳಿಯಾಗಿ, ಮೇಲೆ ಎರಡು ಬೆರಳು ನೊರೆಯೊಂದಿಗೆ ಬಂತು. ಎಂದೂ ಕುಡಿಯದ ಲವೀನಾ ಒಂದು ಗುಟುಕು ಕುಡಿದು, ಮುಖ ಕಿವಿಚಿ, “ಇಷ್ಟು ಕಹಿಗಾಗಿ ಅವ್ರು ನನ್ನನ್ನು ಶನಿವಾರವೆಲ್ಲ ಒಬ್ಳನ್ನೇ ಕೂರಿಸಿದ್ರಾ?” ಎಂದರು. ಆದರೂ ಗ್ಲಾಸು ಕೆಳಗಿಡಲಿಲ್ಲ.

ಮನೆಗೆ ಬಂದು ಇದನ್ನೆಲ್ಲ ಹೆಂಡತಿ ಶೋಭಾಗೆ ಹೇಳಿದೆ. ಅವಳು ರೊಟ್ಟಿ ಬಡಿಸಿದಳು. ಆಮೇಲೆ, “ನೀವೂ ಏನರ ಅರ್ಧಾ ಮಾಡಿ ಬಿಟ್ಟಿದ್ರ ಈಗ ಹೇಳಿಬಿಡ್ರಿ,” ಎಂದಳು. ನಾನು ಶುರು ಮಾಡಿದೆ. ಬಾಯ್ಲರಿನ ಸರ್ವಿಸು, ನನ್ನ ತಮ್ಮನೊಂದಿಗೆ ನಿಂತುಹೋದ ಮಾತುಕತೆ, ಪಾಸ್‌ವರ್ಡುಗಳು, ಬರೆಸಬೇಕೆಂದಿದ್ದ ವಿಲ್ಲು. ಹೇಳುತ್ತ ಹೇಳುತ್ತ ರೊಟ್ಟಿ ಆರಿದವು. ಇನ್ನೂ ಅರ್ಧವೂ ಮುಗಿದಿರಲಿಲ್ಲ. “ಮೊದಲ ಉಣ್ರಿ, ಉಳಿದದ್ದು ನಾಳೆ ಹೇಳೀರಂತ,” ಎಂದಳು.

ಸರಿ ಎಂದು ನಾನು ಆರಾಮವಾಗಿ ಊಟ ಮಾಡಿ ಮಲಗಿದೆ.