ಕಣ್ಣಿನೊಳಗಿನ ಕಳ್ಳಗಾಲುವೆ

ದಿನಚರಿ ಬರೆಯುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಪುಸ್ತಕದಲ್ಲಿರುವುದೆಲ್ಲ ನಡೆದದ್ದು, ಇಲ್ಲದ್ದು ನಡೆದೇ ಇಲ್ಲ ಎಂದು ನಂಬುವುದು. ನನಗೆ ಅದು ಎಂಟನೇ ತರಗತಿಯಿಂದಲೇ ಇದೆ. ಕರೆಂಟು ಎಷ್ಟು ಸಲ ಹೋಯಿತು, ಹೊನ್ನಾಳಿ ಬಸ್ಸು ಎಷ್ಟು ನಿಮಿಷ ತಡ, ನನಗೆ ಎಷ್ಟು ಸೀನು ಬಂತು, ಎಲ್ಲಕ್ಕೂ ಗೀಟು ಹಾಕಿಟ್ಟಿದ್ದೇನೆ. ಹೀಗಾಗಿ, ಕೆಲಸ ಸಿಕ್ಕಿ ಚನ್ನಗಿರಿಯ ದೊಡ್ಡಪ್ಪನ ಮನೆಗೆ ಬಂದಾಗ, ಅವರ ಸಕ್ಕರೆ ಕಾಯಿಲೆಯ ಕಾವಲನ್ನು ದೊಡ್ಡಮ್ಮ ಹಂಚಿಕೊಂಡರು: ಹಗಲು ತಮ್ಮದು, ಸಂಜೆ ನನ್ನದು. ಏಳು ತಿಂಗಳ ಲೆಕ್ಕ ನನ್ನಲ್ಲಿದೆ. ಸಕ್ಕರೆ ಹಾಕದ ಟೀ ನಾನೂರ ಇಪ್ಪತ್ತು, ಸಿಹಿ ಸೊನ್ನೆ.

ದೊಡ್ಡಪ್ಪ ಸೂಳೆಕೆರೆ ನಾಲೆಯ ನೀರುಗಂಟಿಯಾಗಿದ್ದವರು. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ದಂಡೆ ಒಡೆದು ಕಳ್ಳಗಾಲುವೆ ತೋಡಿದವರನ್ನು ಹಿಡಿಯುವುದು ಅವರ ಕೆಲಸ. ಇತ್ತೀಚೆಗೆ ಅವರ ಎಡಗಣ್ಣಿನ ಮುಂದೆ ಕರಿ ನೂಲುಗಳು ತೇಲತೊಡಗಿದವು. “ಏನಿಲ್ಲ ತಾಯಿ, ಕನ್ನಡಕ ತೊಳಿಬೇಕು” ಎಂದರು. ಎರಡು ದಿನದಲ್ಲಿ ಐದು ಸಲ ತೊಳೆದರು. ನೂಲು ಹೋಗಲಿಲ್ಲ. ಕಣ್ಣಾಸ್ಪತ್ರೆಗೆ ಕರೆದೊಯ್ದೆ.

ಅಲ್ಲಿ ಕಣ್ಣಿಗೆ ಹನಿ ಹಾಕಿ, ತೋಳಿನ ನರಕ್ಕೆ ಹಳದಿ ಬಣ್ಣದ ಇಂಜೆಕ್ಷನ್ ಕೊಟ್ಟು, ಕಣ್ಣಿನೊಳಗಿನ ಫೋಟೊಗಳನ್ನು ಸಾಲಾಗಿ ತೆಗೆದರು. ನಾನು ವಾಚು ನೋಡಿದೆ. ಹದಿನಾಲ್ಕು ಸೆಕೆಂಡಿಗೆ ಬಣ್ಣ ಕಣ್ಣು ಮುಟ್ಟಿತು ಎಂದು ದೊಡ್ಡಪ್ಪನಿಗೆ ಹೇಳಿದೆ. “ತೂಬಿನಿಂದ ಕೊನೇ ಗದ್ದೆಗೆ ನಮಗೆ ಎಲ್ಡು ದಿನ ಬೇಕಿತ್ತು” ಎಂದರು ದೊಡ್ಡಪ್ಪ, ಗಲ್ಲವನ್ನು ಮಿಷಿನ್ನಿನ ಮೇಲಿಟ್ಟುಕೊಂಡೇ.

ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. “ಸಕ್ಕರೆ ಜಾಸ್ತಿಯಾಗಿ ಸಣ್ಣ ರಕ್ತನಾಳಗಳು ಮುಚ್ಚಿಹೋಗಿವೆ. ಅಲ್ಲಿಗೆ ರಕ್ತ ಮುಟ್ಟಲ್ಲ ಅಂತ ಕಣ್ಣು ತಾನೇ ಹೊಸ ನಾಳ ಹುಟ್ಟಿಸ್ಕೊಂಡಿದೆ. ಅವು ಗಟ್ಟಿ ಇರಲ್ಲ, ಸೋರ್ತವೆ. ಈ ಬಿಳಿ ಕಾಣ್ತಲ್ಲ, ಬಣ್ಣ ಸೋರಿರೋದು.”

“ಗೊತ್ತಾತು ಬಿಡ್ರಿ” ಎಂದರು ದೊಡ್ಡಪ್ಪ. “ಕೊನೇ ಗದ್ದೆಯೋರು ನೀರು ಬರ್ಲಿಲ್ಲ ಅಂತ ದಂಡೆ ಒಡ್ದಾರೆ.”

“ಅದೇ. ಲೇಸರ್ ಮಾಡೋಣ. ಆದ್ರೆ ಸಕ್ಕರೆ ಹಿಂಗೇ ಇದ್ರೆ ಮತ್ತೆ ಹುಟ್ತವೆ, ದೃಷ್ಟಿ ಹೋಗುತ್ತೆ. ಸಿಹಿ ತಿಂತೀರಾ?”

ನಾನು ಹೆಮ್ಮೆಯಿಂದ ಪುಸ್ತಕ ತೆರೆದು ಸೊನ್ನೆ ತೋರಿಸಿದೆ. ಅವರು ಅದನ್ನೂ ರಕ್ತದ ರಿಪೋರ್ಟನ್ನೂ ನೋಡಿದರು. “ಪುಸ್ತಕ ಚೆನ್ನಾಗಿದೆಯಮ್ಮ. ರಕ್ತ ಇದನ್ನ ಓದಿಲ್ಲ.”

ವಾಪಸು ಬಸ್ಸಿನಲ್ಲಿ ದೊಡ್ಡಪ್ಪ ಒಪ್ಪಿಕೊಂಡರು. “ದಿನಾ ಏಳಕ್ಕೆ ನೀನು ಬರಿಯಾಕೆ ಕುಂತ್ರೆ ಏಳೂವರೆ ತನಕ ತಲೆ ಎತ್ತಲ್ಲ. ಬೆಲ್ಲದ ಡಬ್ಬಿ ನಿನ್ನ ಬೆನ್ನ ಹಿಂದೇನೇ ಐತೆ.”

“ಇದನ್ನ ಎಲ್ಲಿ ಕಲಿತ್ರಿ ದೊಡ್ಡಪ್ಪ?”

“ರೈತ್ರು ನಂಗೆ ಮಾಡಿದ್ದೇ. ನಾನು ರೌಂಡು ಹೋಗೋ ಟೈಮು ನೋಡ್ಕಂಡೇ ದಂಡೆ ಒಡಿತಿದ್ರು.” ನಕ್ಕರು. ಆಮೇಲೆ ಬಲಗಣ್ಣು ಮುಚ್ಚಿ ಕಿಟಕಿಯಾಚೆ ನೋಡಿ, “ಆ ಬೋರ್ಡಿನಾಗೆ ಏನಂತ ಐತೆ?” ಎಂದು ಮೆಲ್ಲಗೆ ಕೇಳಿದರು. ಅದು ಅಷ್ಟು ದಪ್ಪ ಅಕ್ಷರದ ಬೋರ್ಡು. ಓದಿ ಹೇಳಿದೆ. ಅವತ್ತು ಗೀಟು ಹಾಕಲು ಮನಸ್ಸಾಗಲಿಲ್ಲ.

ಲೇಸರ್ ಮುಗಿದು ಕೆಲವು ವಾರಗಳಾದವು. ಈಗ ನಾನು ಒಂದೊಂದು ದಿನ ಒಂದೊಂದು ಹೊತ್ತಿನಲ್ಲಿ, ಅಡುಗೆಮನೆಗೆ ಮುಖಮಾಡಿ ಬರೆಯುತ್ತೇನೆ. ನಿನ್ನೆ ಕ್ಯಾಲೆಂಡರಿನ ಮೂಲೆಯಲ್ಲಿ ದೊಡ್ಡಪ್ಪನ ಅಕ್ಷರ ಕಂಡಿತು: ಸೋಮ ೬-೧೦, ಮಂಗಳ ೮-೦೫, ಬುಧ ೭-೪೦. ನಾನು ಬರೆಯಲು ಕೂತ ಹೊತ್ತುಗಳು. ಸಣ್ಣ ಅಕ್ಷರ, ಒಂದೂ ಸಾಲು ತಪ್ಪಿಲ್ಲ. ಕಣ್ಣು ಕೆಲಸ ಮಾಡುತ್ತಿದೆ ಎಂದು ಸಂತೋಷಪಟ್ಟು, ಬೆಲ್ಲದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ನನ್ನ ಪುಸ್ತಕದೊಂದಿಗೆ ತಾಳೆ ನೋಡಿದೆ. ಸೋಮವಾರದ್ದರಲ್ಲಿ ಐದು ನಿಮಿಷ ವ್ಯತ್ಯಾಸವಿತ್ತು. ತಿದ್ದಿದ್ದು ನನ್ನ ಪುಸ್ತಕವನ್ನೇ.