ಡ್ರೈವರ್ ಹಳೆಯದಾಗಿದೆ

ವಿಠಲಣ್ಣ: ಹಳೆಯದಾಗಿದೆ ಅಂದ್ರೆ ಎಂತ ಅರ್ಥ?

ಗ್ಲ್ಯಾಡಿಸ್: ಹಳೆಯದು ಅಂದ್ರೆ ಹಳೆಯದು. ಡ್ರೈವರ್ ಹಳೆಯದಾಗಿದೆ, ಅದಕ್ಕೇ ಸ್ಕ್ರೀನ್ ಹೀಗೆ ಆಗುವುದು. ತೆಗೆದು ಹೊಸದು ಹಾಕಬೇಕು.

ವಿಠಲಣ್ಣ: ತೆಗೆಯುವುದಾ?

ಗ್ಲ್ಯಾಡಿಸ್: ಪೂರ್ತಿ ತೆಗೆಯಬೇಕು. ಸ್ವಲ್ಪ ಉಳಿದ್ರೂ ತೊಂದರೆ ಕೊಡ್ತದೆ.

ಬೇಬಿಯಕ್ಕ: ಅದು ನನಗೂ ಅನುಭವ ಉಂಟು.

ವಿಠಲಣ್ಣನಿಗೆ ಮೈಯೆಲ್ಲ ಉರಿಯಿತು. ಉರಿಯದೆ ಇರುತ್ತದೆಯೇ? ಮಸ್ಕತ್ತಿನಿಂದ ಸಲಾಲಾಕ್ಕೆ ಟ್ರೈಲರ್ ಓಡಿಸಿ ಓಡಿಸಿ ಕೂದಲು ನರೆತ ಮನುಷ್ಯ. ಅವರ ಕೈಯಲ್ಲಿ ಗಾಡಿಗೆ ಒಂದು ಗೀರು ಬಿದ್ದದ್ದಿಲ್ಲ. ಅಂಥವರನ್ನು ಹಿಡಿದು ಕಟಪಾಡಿ ಜಂಕ್ಷನ್ನಿನ ಬೇಕರಿಯ ಮೇಲಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ, ಕಟ್ಟಿಕೊಂಡ ಹೆಂಡತಿ ಬೇಬಿಯಕ್ಕನ ಎದುರಿಗೆ, ಶಿರ್ವದ ಈ ಹುಡುಗಿ ಮುಖ ಕೂಡ ಎತ್ತದೆ ಹಳೆಯದು ಎನ್ನುತ್ತಿದ್ದಾಳೆ.

ವಿಠಲಣ್ಣ: ನೋಡು ಮಗಾ, ನನ್ನ ಡ್ರೈವಿಂಗ್ ವಿಷಯ ಬೇಕಾದರೆ ಮಸ್ಕತ್ ಪೊಲೀಸರ ಹತ್ತಿರ ಕೇಳು.

ಗ್ಲ್ಯಾಡಿಸ್: ಪೊಲೀಸರು ಎಂತಕ್ಕೆ ಅಂಕಲ್? ಡ್ರೈವರ್ ಅಂದ್ರೆ ಸಾಫ್ಟ್‌ವೇರ್. ಒಳಗಿನ ಗ್ರಾಫಿಕ್ಸ್ ಕಾರ್ಡ್ ಒಂದು ಲಾರಿ ಅಂತ ಇಟ್ಟುಕೊಳ್ಳಿ. ಅದನ್ನು ಓಡಿಸುವ ಸಾಫ್ಟ್‌ವೇರಿಗೆ ಡ್ರೈವರ್ ಅಂತ ಹೆಸರು.

ವಿಠಲಣ್ಣ: ಹಾಗಾದರೆ ಇಲ್ಲಿಯೂ ಲಾರಿ ಕೆಟ್ಟರೆ ತಪ್ಪು ಡ್ರೈವರಿನದ್ದೇ. ಮಾಲೀಕರ ಬುದ್ಧಿ ಎಲ್ಲ ಕಡೆ ಒಂದೇ.

ಲ್ಯಾಪ್‌ಟಾಪ್ ಮೊದಲು ಮಗ ಉಜ್ವಲನದ್ದು. ಆಟಕ್ಕೆಂದೇ ತೆಗೆದುಕೊಂಡ ಭಾರದ ಸಾಮಾನು. ಮದುವೆಯಾದ ಮರುವಾರವೇ ಅವನು ಆಟ ಬಿಟ್ಟ. ಯಾಕೆ ಬಿಟ್ಟ ಎಂದು ಯಾರೂ ಕೇಳಲಿಲ್ಲ. ಹಾಗೆ ಅದು ಅಪ್ಪನಿಗೆ ಬಂತು. ಅಪ್ಪ ಅದರಲ್ಲಿ ಲಾರಿ ಓಡಿಸುವ ಆಟ ಕಂಡುಹಿಡಿದು, ಗಲ್ಫಿನಿಂದ ಮರಳಿದ ಹಳೆಯ ಡ್ರೈವರ್ ಗೆಳೆಯರನ್ನೆಲ್ಲ ಸೇರಿಸಿದರು. ಹಿರಿಯಡ್ಕದವನೊಬ್ಬ, ಕಾರ್ಕಳದವನೊಬ್ಬ, ಕಾಪುವಿನ ಬೂಬ. ಭಾನುವಾರ ಬೆಳಿಗ್ಗೆ ಎಲ್ಲರೂ ಅವರವರ ಮನೆಯಲ್ಲೇ ಕುಳಿತು ಮರುಭೂಮಿಯ ರಸ್ತೆಯಲ್ಲಿ ಸಾಲಾಗಿ ಹೋಗುವುದು. ಸಾಲಿನ ಎದುರಿಗೆ ವಿಠಲಣ್ಣ.

ಕಳೆದ ಭಾನುವಾರ ಅವರ ಸ್ಕ್ರೀನ್ ಕಪ್ಪಾಯಿತು, ಲಾರಿ ಸೇತುವೆಯಿಂದ ಕೆಳಗೆ ಹೋಯಿತು. ನಾಯಕನನ್ನು ನಂಬಿದ ಉಳಿದವರು ಒಬ್ಬರ ಹಿಂದೆ ಒಬ್ಬರು ಶಿಸ್ತಿನಿಂದ ಅದೇ ಹೊಳೆಗೆ ಬಿದ್ದರು. ಸಂಜೆ ಫೋನಿನಲ್ಲೇ ತೀರ್ಮಾನವಾಯಿತು: ಇನ್ನೊಮ್ಮೆ ಹೀಗಾದರೆ ಮುಂದಾಳು ಬೂಬ. ಯಾವ ಬೂಬ? ಮಸ್ಕತ್ತಿನಲ್ಲಿ ಪ್ರತಿ ಸರ್ಕಲ್ಲಿಗೂ ಗಾಡಿ ನಿಲ್ಲಿಸಿ ದಾರಿ ಕೇಳುತ್ತಿದ್ದ ಬೂಬ. ಅವನ ಹಿಂದೆ ಹೋಗುವುದಕ್ಕಿಂತ ಹೊಳೆಯಲ್ಲೇ ಇರುವುದು ಮೇಲು ಎಂದು ವಿಠಲಣ್ಣನಿಗೆ ಅನ್ನಿಸಿತ್ತು.

ಗ್ಲ್ಯಾಡಿಸ್: ಮೊದಲಿನಿಂದ ಹೇಳಿ. ಕಪ್ಪಾಗುವ ಮುಂಚೆ ಎಂತ ಆಗ್ತದೆ?

ವಿಠಲಣ್ಣ: ಮೊದಲು ರೋಡು ಹಸಿರಾಗ್ತದೆ. ಮತ್ತೆ ಎದುರಿನ ಗಾಡಿಗಳ ಚಕ್ರ ಮಾಯ. ಮತ್ತೆ ಒಂಟೆ ಆಕಾಶಕ್ಕೆ ಹೋಗ್ತದೆ.

ಬೇಬಿಯಕ್ಕ: ಇವರು ಅದಕ್ಕೆ ಹಾರ್ನ್ ಹಾಕ್ತಾರೆ.

ವಿಠಲಣ್ಣ: ಅಡ್ಡ ಬಂದರೆ ಹಾಕುವುದೇ. ಆಕಾಶದಲ್ಲಾದರೂ ಅಡ್ಡ ಅಡ್ಡವೇ.

ಗ್ಲ್ಯಾಡಿಸ್ ಹಳೆಯ ಡ್ರೈವರನ್ನು ತೆಗೆದು ಹೊಸದನ್ನು ಹಾಕಿದಳು. ಪರೀಕ್ಷೆಗೆಂದು ವಿಠಲಣ್ಣನನ್ನು ಅಲ್ಲೇ ಕೌಂಟರಿನಲ್ಲಿ ಕೂರಿಸಿ ಆಡಿಸಿದಳು. ಅವರು ಸಲಾಲಾ ರಸ್ತೆಯಲ್ಲಿ ಹೋಗಿ ಬಂದರು. ರೋಡು ರೋಡಿನ ಬಣ್ಣದಲ್ಲೇ ಇತ್ತು, ಒಂಟೆಗಳು ನೆಲದ ಮೇಲೆ ಮರ್ಯಾದೆಯಿಂದ ನಿಂತಿದ್ದವು. ಮನೆಗೆ ತಂದು ಊಟದ ಹೊತ್ತಿನ ತನಕ ಆಡಿದ್ದೇ ತಡ, ಮತ್ತೆ ಹಸಿರು.

ಮರುದಿನ ಪುನಃ ಅದೇ ಮೆಟ್ಟಿಲು ಹತ್ತಿದರು. ಅಂಗಡಿಯಲ್ಲಿ ಆನ್ ಮಾಡಿದರೆ ಮತ್ತೆ ಸರಿ. ವಿಠಲಣ್ಣನಿಗೆ ಈ ಲ್ಯಾಪ್‌ಟಾಪ್ ಬೇಕೆಂದೇ ತನ್ನ ಮಾನ ಕಳೆಯುತ್ತಿದೆ ಎಂದು ಖಾತ್ರಿಯಾಯಿತು. ಗ್ಲ್ಯಾಡಿಸ್‌ಗೂ ತಲೆಬಿಸಿ. ನಿಮ್ಮ ಮನೆಯ ಕರೆಂಟೇ ಸರಿ ಇಲ್ಲ ಎಂದಳು. ಬೇಬಿಯಕ್ಕ ಒಪ್ಪಲಿಲ್ಲ, ಗ್ರೈಂಡರ್ ತಿರುಗುತ್ತದೆ, ಫ್ರಿಜ್ಜು ತಣ್ಣಗಿದೆ, ಕರೆಂಟಿನ ಮೇಲೆ ಹಾಕಬೇಡಿ ಎಂದರು. ಆಗ ಗ್ಲ್ಯಾಡಿಸ್ ಇನ್ನೊಂದು ಎಳೆ ಹಿಡಿದಳು.

ಗ್ಲ್ಯಾಡಿಸ್: ಇದರಲ್ಲಿ ಗ್ರಾಫಿಕ್ಸ್ ಎರಡು ಉಂಟು ಅಂಕಲ್, ಒಂದು ದೊಡ್ಡದು, ಒಂದು ಸಣ್ಣದು. ಆಟ ಆಡುವಾಗ ಮಾತ್ರ ದೊಡ್ಡದು ಏಳ್ತದೆ. ಉಳಿದ ದಿನನಿತ್ಯದ ಕೆಲಸ ಎಲ್ಲ ಸಣ್ಣದರದ್ದು.

ಬೇಬಿಯಕ್ಕ: ದೊಡ್ಡದು ಆಟಕ್ಕೆ ಮಾತ್ರವಾ?

ಗ್ಲ್ಯಾಡಿಸ್: ಹೌದು ಆಂಟಿ. ಬಾಕಿ ಹೊತ್ತು ಸುಮ್ಮನೆ ಮಲಗಿರ್ತದೆ.

ಬೇಬಿಯಕ್ಕ: ಮಾಡಿದವರು ನಮ್ಮ ಮನೆ ನೋಡಿಯೇ ಮಾಡಿದ್ದಿರಬೇಕು.

ಗ್ಲ್ಯಾಡಿಸ್: ಆ ದೊಡ್ಡದಕ್ಕೆ ಬಿಸಿ ತಡೆಯುವುದಿಲ್ಲ ಅಂತ ಈಗ ಸಂಶಯ. ಅಡಿ ಬಿಚ್ಚಿ ನೋಡ್ತೇನೆ.

ಅಡಿ ಬಿಚ್ಚುವ ಮಾತು ಬಂದದ್ದೇ ಬೇಬಿಯಕ್ಕ ಕಿಟಕಿಯ ಬಳಿ ಹೋಗಿ ನಿಂತರು. ಕೆಳಗೆ ಹೋಗುವ ಬಸ್ಸುಗಳ ಬೋರ್ಡುಗಳನ್ನು, ಎಲ್ಲಿಗೋ ಹೋಗಲಿಕ್ಕಿರುವವರ ಹಾಗೆ, ಒಂದೊಂದಾಗಿ ಓದತೊಡಗಿದರು. ವಿಠಲಣ್ಣನಿಗೆ ಅದು ವಿಚಿತ್ರವೆನಿಸಿತು. ಗಂಡ ಬೈಸಿಕೊಳ್ಳುವ ಜಾಗವನ್ನು ಬಿಟ್ಟು ದೂರ ಹೋಗುವ ಹೆಂಗಸಲ್ಲ ಅವರು. ಅಷ್ಟರಲ್ಲಿ ಗ್ಲ್ಯಾಡಿಸ್ ಚಿಮುಟದಿಂದ ಫ್ಯಾನಿನೊಳಗಿಂದ ಏನನ್ನೋ ಎಳೆದಳು. ಉದ್ದಕ್ಕೆ, ತೆಳ್ಳಗೆ, ಕೆಂಪಗೆ ಬಂತು.

ವಿಠಲಣ್ಣ: ಹೋಯ್ತು. ವಯರ್ ತುಂಡಾಗಿದೆ.

ಗ್ಲ್ಯಾಡಿಸ್: ವಯರ್ ಅಲ್ಲ.

ವಿಠಲಣ್ಣ: ಕೆಂಪು ವಯರ್ ಮಗಾ. ಮೇನ್ ಲೈನ್ ಇರಬೇಕು.

ಗ್ಲ್ಯಾಡಿಸ್: ಈ ವಯರಿಗೆ ತಲೆ ಉಂಟು ಅಂಕಲ್. ಕಣ್ಣೂ ಉಂಟು.

ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಕಡಲಿನಿಂದ ದೂರದ ಶಿರ್ವದವಳಾದರೂ ಒಣಸಿಗಡಿಯ, ಅಂದರೆ ಒಣ ಎಟ್ಟಿಯ, ವಾಸನೆಗೆ ದುಭಾಷಿ ಬೇಕಾಗಲಿಲ್ಲ. ಇಬ್ಬರೂ ಕಿಟಕಿಯ ಕಡೆ ತಿರುಗಿದರು. ಬೇಬಿಯಕ್ಕ ಕುಂದಾಪುರದ ಬಸ್ಸಿನ ಬೋರ್ಡು ಓದಿ ಮುಗಿಸುವ ತನಕ ಕಾದರು.

ಬೇಬಿಯಕ್ಕ: ಎಂತ ನೋಡುವುದು? ಆಟಿ ತಿಂಗಳ ಮಳೆಗೆ ಒಣ ಎಟ್ಟಿ ಎಲ್ಲ ಮೆತ್ತಗಾಗ್ತದೆ. ಬಿಸಿಲು ಎಲ್ಲಿ ಉಂಟು? ಇವರು ಆಡುವಾಗ ಇದರ ಹಿಂದಿನಿಂದ ಒಳ್ಳೆ ಬಿಸಿಗಾಳಿ ಬರ್ತದೆ. ಸುಮ್ಮನೆ ಹಾಳಾಗ್ತದಲ್ಲ ಅಂತ ಹಿಂದೆ ಒಂದು ತಟ್ಟೆ ಇಟ್ಟೆ.

ಗ್ಲ್ಯಾಡಿಸ್: ಬರೀ ತಟ್ಟೆ ಇಟ್ಟದ್ದಕ್ಕೆ ಇಷ್ಟು ಬಿಸಿ ಆಗುವುದಿಲ್ಲ ಆಂಟಿ.

ಬೇಬಿಯಕ್ಕ: ಮೇಲೆ ಒಂದು ಬೈರಾಸು ಹೊದಿಸಿದ್ದೆ. ದೊಡ್ಡ ಟವೆಲು. ಗಾಳಿ ಹೊರಗೆ ಹೋಗಬಾರದಲ್ಲ?

ಗ್ಲ್ಯಾಡಿಸ್: ಗಾಳಿ ಹೊರಗೆ ಹೋಗಲಿಕ್ಕೇ ಅಲ್ವಾ ಹಿಂದೆ ತೂತು ಇಟ್ಟದ್ದು?

ಬೇಬಿಯಕ್ಕ: ಅದು ನನಗೆ ಯಾರು ಹೇಳಿದ್ದಾರೆ? ಇವರಿಗೆ ಕಿವಿಗೆ ಹಾಕಿಕೊಂಡದ್ದು ತೆಗೆದು ಮಾತನಾಡಲಿಕ್ಕೆ ಪುರುಸೊತ್ತುಂಟಾ?

ಗ್ಲ್ಯಾಡಿಸ್: ಅಂಕಲ್, ನಿಮಗೆ ವಾಸನೆ ಬರ್ಲಿಲ್ವಾ?

ವಿಠಲಣ್ಣ: ಬರ್ತಿತ್ತು.

ಗ್ಲ್ಯಾಡಿಸ್: ಮತ್ತೆ?

ವಿಠಲಣ್ಣ: ಆಟದಲ್ಲಿ ಬಂದರಿನ ಹತ್ತಿರ ತಲುಪಿದೆ ಅಂತ ಗ್ರಹಿಸಿದೆ. ಗ್ರಾಫಿಕ್ಸ್ ಅಷ್ಟು ಒಳ್ಳೆದುಂಟು ಅಂತ.

ಗ್ಲ್ಯಾಡಿಸ್ ಚಿಮುಟ ಕೆಳಗಿಟ್ಟು ಆ ಕಡೆ ತಿರುಗಿದಳು. ಅವಳ ಭುಜ ಅಲ್ಲಾಡುತ್ತಿತ್ತು. ವಿಠಲಣ್ಣ ಈಗ ಎದ್ದರು. ಒಂದು ಹಿಡಿ ಎಟ್ಟಿಗಾಗಿ ಗಂಡನನ್ನು ಗೆಳೆಯರ ಸಮೇತ ಹೊಳೆಗೆ ಹಾಕಿದವಳು ಇಡೀ ತುಳುನಾಡಿನಲ್ಲಿ ಬೇರೆ ಯಾರಾದರೂ ಇದ್ದಾಳೆಯೇ ಎಂದು ಶುರುಮಾಡಿದವರು, ತಾವು ಮಸ್ಕತ್ತಿನಲ್ಲಿ ತಿಂದ ಒಣ ರೊಟ್ಟಿಯವರೆಗೂ ಹೋದರು. ಬೇಬಿಯಕ್ಕ ಮುಗಿಯಲಿ ಎಂದು ಕಾದರು.

ಬೇಬಿಯಕ್ಕ: ಆಯ್ತಾ? ಪ್ರತಿ ಭಾನುವಾರ ಗಂಜಿಗೆ ಎಟ್ಟಿ ಚಟ್ನಿ ಕಟುಂ ಕಟುಂ ಅಂತ ತಿಂದು, ಇನ್ನು ಸ್ವಲ್ಪ ಉಂಟಾ ಅಂತ ಕೇಳಿದ್ದು ಯಾರು? ಈ ಮಳೆಗೆ ಇದು ಎಲ್ಲಿ ಒಣಗಿತು ಅಂತ ಒಮ್ಮೆ ಆದರೂ ಕೇಳಿದ್ದುಂಟಾ?

ವಿಠಲಣ್ಣ ಕುಳಿತರು. ಆ ಚಟ್ನಿ ನೆನಪಾಗಿ ಬಾಯಲ್ಲಿ ನೀರೂರಿತು, ಸಿಟ್ಟಿನ ಮಧ್ಯೆ ಅದು ಇನ್ನೊಂದು ಅವಮಾನ.

ಗ್ಲ್ಯಾಡಿಸ್: ಕಾಯಿ ಹುರಿದು ಹಾಕ್ತೀರಾ ಆಂಟಿ, ಹಸಿಯದ್ದಾ?

ವಿಠಲಣ್ಣ: ಮಗಾ, ಭಾನುವಾರಕ್ಕೆ ನನ್ನ ಲಾರಿ.

ಅವಳು ಫ್ಯಾನು ಬಿಚ್ಚಿ ಮೀಸೆ, ಕಾಲು, ಸಿಪ್ಪೆ ಎಲ್ಲ ಗುಡಿಸಿದಳು. ಗ್ರಾಫಿಕ್ಸ್ ಚಿಪ್ಪಿನ ಮೇಲೆ ಬಿಸಿ ಎಳೆಯಲಿಕ್ಕೆ ಹಚ್ಚುವ ಪೇಸ್ಟ್ ಪೂರ್ತಿ ಒಣಗಿಹೋಗಿದೆ ಎಂದಳು. ನೋಡಿ, ಅದು ಕೂಡ ಒಣಗಿದೆ, ಅಷ್ಟು ಒಳ್ಳೆ ಬಿಸಿ ಎಂದು ಬೇಬಿಯಕ್ಕ ಹೆಮ್ಮೆಯಿಂದ ಹೇಳಿದರು. ಹೊಸ ಪೇಸ್ಟ್ ಬಿತ್ತು. ಇನ್ನು ಹಿಂದೆ ತಟ್ಟೆಯೂ ಇಲ್ಲ, ಮೇಲೆ ಬೈರಾಸೂ ಇಲ್ಲ ಎಂದು ಬೇಬಿಯಕ್ಕನಿಂದ ಮಾತು ತೆಗೆದುಕೊಂಡು ಗ್ಲ್ಯಾಡಿಸ್ ಇಬ್ಬರನ್ನೂ ಕಳಿಸಿದಳು.

ಭಾನುವಾರ ಬಂತು. ವಿಠಲಣ್ಣ ಟ್ರೈಲರಿನ ಅಡಿ ನೋಡುವವರಂತೆ ಬಗ್ಗಿ ಮೇಜಿನ ಕೆಳಗೆ, ಲ್ಯಾಪ್‌ಟಾಪಿನ ಹಿಂದೆ ಎಲ್ಲ ನೋಡಿದರು. ಚೊಕ್ಕವಾಗಿತ್ತು. ಬೇಬಿಯಕ್ಕ ಒಳ್ಳೆಯ ಹೆಂಗಸಿನಂತೆ ಮೂಲೆಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಗಾಡಿಗಳು ಹೊರಟವು. ಹೊಳೆ ಬಂತು, ಸೇತುವೆ ಬಂತು, ವಿಠಲಣ್ಣ ಉಸಿರು ಹಿಡಿದು ದಾಟಿದರು. ಹಿಂದಿನಿಂದ ಬೂಬ ಪದೇ ಪದೇ, ನಿನ್ನ ರೋಡು ಹೇಗುಂಟು ವಿಠಲ, ಹಸಿರಾಯಿತಾ ಎಂದು ಆಸೆಯಿಂದ ಕೇಳುತ್ತಿದ್ದ. ಆಗಲಿಲ್ಲ ಎಂದು ಹೇಳುವ ಸುಖ ವಿಠಲಣ್ಣನಿಗೆ ಊಟದಲ್ಲೂ ಸಿಕ್ಕಿರಲಿಲ್ಲ. ಊಟಕ್ಕೇನು, ಇವತ್ತು ಗಂಜಿಗೆ ಬರೀ ಉಪ್ಪಿನಕಾಯಿ. ಗೆದ್ದವನ ನಾಲಗೆಗೂ ಸ್ವಲ್ಪ ದುಃಖವಿತ್ತು.

ಇದ್ದಕ್ಕಿದ್ದಂತೆ ಬೂಬನ ಧ್ವನಿ ಬೇರೆಯೇ ಆಯಿತು.

ಬೂಬ: ವಿಠಲ, ನನ್ನ ರೋಡು ಹಸಿರಾಯಿತು ಮಾರಾಯ.

ವಿಠಲಣ್ಣ: ಎಂತ?

ಬೂಬ: ಒಂಟೆ ಮೇಲೆ ಹೋಗ್ತಾ ಉಂಟು.

ವಿಠಲಣ್ಣ ಕಿವಿಗೆ ಹಾಕಿಕೊಂಡದ್ದನ್ನು ತೆಗೆದು, ಅದರ ಮೈಕನ್ನು ಕೈಯಿಂದ ಮುಚ್ಚಿ ಮೂಲೆಯ ಕಡೆ ನೋಡಿದರು. ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತ್ತು.

ವಿಠಲಣ್ಣ: ಬೇಬಿ, ನೀನು ಬೂಬನ ಹೆಂಡತಿ ಹತ್ತಿರ ಎಂತ ಹೇಳಿದ್ದಿ?

ಬೇಬಿಯಕ್ಕ: ರತ್ನಾವತಿ ಫೋನ್ ಮಾಡಿದ್ದಳು, ಒಣಗಿಸಿದ ಎಟ್ಟಿಯೆಲ್ಲ ತಂಪು ಹಿಡೀತದೆ, ಮಾರಲಿಕ್ಕೆ ಆಗುವುದಿಲ್ಲ ಅಂತ. ನಮ್ಮದು ಇನ್ನು ಬಿಸಿಯಾಗುವುದಿಲ್ಲ, ನಿಮ್ಮಲ್ಲಿ ಉಂಟಲ್ಲ ಅಂದೆ. ಮಾತು ಕೊಟ್ಟದ್ದು ನಮ್ಮ ಲ್ಯಾಪ್‌ಟಾಪಿಗೆ ಮಾತ್ರ.

ವಿಠಲಣ್ಣ: ತಟ್ಟೆ ಇಟ್ಟಿದ್ದಾಳಾ?

ಬೇಬಿಯಕ್ಕ: ತಟ್ಟೆ ನಮ್ಮಂಥವರಿಗೆ. ಅವಳದ್ದು ಅಕ್ಕಿ ಕೇರುವ ಗೆರಸೆ. ಬೈರಾಸು ಸಾಕಾಗದೆ ಕಂಬಳಿ ಹೊದಿಸಿದ್ದಾಳಂತೆ. ಒಣಗಿದ್ದರಲ್ಲಿ ಒಂದು ಪಾಲು ಸಂಜೆಗೆ ನಮಗೆ ಕಳಿಸ್ತಾಳೆ.

ವಿಠಲಣ್ಣ ಸ್ಕ್ರೀನ್ ನೋಡಿದರು. ರೋಡು ಎದುರಿಗೆ ನೇರವಾಗಿ, ರೋಡಿನ ಬಣ್ಣದಲ್ಲೇ ಬಿದ್ದಿತ್ತು. ಒಂದು ಮಾತು ಹೇಳಿದರೆ ಬೂಬನ ಒಂಟೆ ಕೆಳಗೆ ಇಳಿಯುತ್ತದೆ. ಎಷ್ಟಾದರೂ ಹಳೆಯ ಗೆಳೆಯ; ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯಲ್ಲಿ ಉಂಡವನು. ಪಾತ್ರೆ ಎಂದಾಗ ಗಂಜಿ ನೆನಪಾಯಿತು. ಗಂಜಿ ಎಂದಾಗ ಚಟ್ನಿ.

ಬೂಬ: ವಿಠಲ, ಕೇಳ್ತದಾ? ಇದು ಎಂತದ್ದು ತೊಂದರೆ? ನಿನಗೆ ಗೊತ್ತುಂಟಲ್ಲ.

ವಿಠಲಣ್ಣ ಗಂಟಲು ಸರಿಮಾಡಿಕೊಂಡು, ಮೈಕನ್ನು ಬಾಯಿಯ ಹತ್ತಿರ ತಂದರು.

ವಿಠಲಣ್ಣ: ನೀನು ಬೇಸರ ಮಾಡಬೇಡ ಬೂಬ. ಡ್ರೈವರ್ ಹಳೆಯದಾಗಿದೆ.