ಸೀಸೆಯಲ್ಲಿ ಕಲಿತದ್ದು

ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರು ನೆಂಟರ ಮನೆಗೆ ಹೋದರೆ ಉಂಡು ಸುಮ್ಮನೆ ಎದ್ದು ಬರಬೇಕು. ನನಗೆ ಅದು ಬರುವುದಿಲ್ಲ. ಚಳ್ಳಕೆರೆಯಿಂದಾಚೆ, ವರವು ಕಾವಲಿನ ಹತ್ತಿರದ ಒಂದು ಪ್ರಯೋಗಶಾಲೆಯಲ್ಲಿ ನಾನು ಬ್ಯಾಕ್ಟೀರಿಯಾ ಸಾಕುತ್ತೇನೆ. ನಮ್ಮ ಹಿರಿಯರು ಕುರಿ ಸಾಕಿದವರು. ನನ್ನವು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಅದನ್ನು ಕೆಲಸವೆಂದು ಮನೆಯಲ್ಲಿ ಯಾರೂ ಪೂರ್ತಿ ಒಪ್ಪಿಲ್ಲ. ನೆಂಟರ ಮುಂದೆ ನಾನು ಒಂದಿಷ್ಟು ಹೆಚ್ಚಿಗೆ ಮಾತಾಡುವುದು ಇದೇ ಸಂಕಟಕ್ಕೆ.

ಮೊಳಕಾಲ್ಮುರಿನಲ್ಲಿರುವ ಅಕ್ಕನ ಮಗಳು ಪಾವನಿಗೆ ಆರು ವರ್ಷ. ಹಾಲು, ಬೇಳೆ, ಶೇಂಗಾಗಳಲ್ಲಿರುವ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಅರಗಿಸಿಕೊಳ್ಳುವ ಶಕ್ತಿ ಅವಳಿಗೆ ಹುಟ್ಟಿನಿಂದಲೇ ಇಲ್ಲ. ಅದು ರಕ್ತದಲ್ಲಿ ಸೇರುತ್ತಾ ಹೋದರೆ ಮಿದುಳಿಗೆ ಪೆಟ್ಟು. ಅದಕ್ಕೇ ಅವಳಿಗೆ ಸಬ್ಬಕ್ಕಿ, ತರಕಾರಿ, ಡಾಕ್ಟರು ಬರೆದುಕೊಟ್ಟ ಪುಡಿ, ಇಷ್ಟೇ. ಒಂದು ಬ್ಯಾಕ್ಟೀರಿಯಾದ ಕಿಣ್ವವನ್ನು ಇನ್ನೊಂದರಲ್ಲಿ ತಯಾರಾಗುವಂತೆ ಮಾಡಿ, ಆ ಆಮ್ಲವನ್ನು ಟೈರೋಸಿನ್ ಎಂಬ ಬೇರೆ ಆಮ್ಲವಾಗಿ ಬದಲಾಯಿಸುವುದು ನಮ್ಮ ತಂಡದ ಕೆಲಸ; ಮುಂದೆ ಇಂಥ ಮಕ್ಕಳ ಹೊಟ್ಟೆಯಲ್ಲೂ ಅದನ್ನೇ ಮಾಡಿಸುವ ಆಸೆ. ಗಾಜಿನ ಕೊಳವೆಯಲ್ಲಿ ಅದು ಕೈಗೂಡಿದ ವಾರ ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತವನು ಮನೆಯವರೆಲ್ಲರ ಮುಂದೆ, "ಇನ್ನೇನ್ ಚಿಂತೆ ಬಿಡ್ರಿ, ನಮ್ ಹುಳ ಕಲ್ತುಬಿಟ್ಟಾವೆ," ಎಂದುಬಿಟ್ಟೆ.

ಮುಂದಿನ ತಿಂಗಳು ಅಕ್ಕ ಫೋನ್ ಮಾಡಿದಳು. ಪಾವನಿಯ ರಕ್ತಪರೀಕ್ಷೆಯ ಫಲಿತಾಂಶ ಕೆಟ್ಟದಾಗಿ ಬಂದಿತ್ತು. ಅಕ್ಕನ ಅತ್ತೆ ರುದ್ರಮ್ಮನವರು ಮೊಮ್ಮಗಳಿಗೆ ದಿನವೂ ಶೇಂಗಾ ಉಂಡೆ ಕೊಡುತ್ತಿದ್ದರಂತೆ.

"ನಿನ್ ಮಾತು ನಂಬಿ ಕೊಟ್ಟಾರೆ. ನೀನೇ ಬಂದು ಹೇಳು," ಎಂದು ಫೋನಿಟ್ಟಳು.

ಬಸ್ಸಿನಲ್ಲಿ ಒಂದು ಒಳ್ಳೆಯ ಉಪನ್ಯಾಸವನ್ನೇ ಸಿದ್ಧಮಾಡಿಕೊಂಡೆ. ಅತ್ತು ಊದಿಕೊಂಡಿದ್ದ ರುದ್ರಮ್ಮನವರ ಕಣ್ಣು ನೋಡಿದ ಮೇಲೆ ಅದನ್ನು ಬಿಟ್ಟು ಅವರ ಮುಂದೆ ನೆಲದ ಮೇಲೆ ಕೂತೆ.

"ಹುಳ ಕಲ್ತಾವೆ ಅಂದ್ಯಲ್ಲಪ್ಪ? ಇನ್ನು ಕೂಸು ಏನ್ ತಿಂದ್ರೂ ಅರಗ್ತದೆ ಅನ್ಕಂಡೆ."

"ಸೀಸೆಯಾಗೆ ಕಲ್ತಾವಮ್ಮ. ಹೊಟ್ಟೆಗೆ ಹೋದ್ರೆ ಅಲ್ಲಿನ ಹುಳಿಗೇ ಸಾಯ್ತಾವೆ. ಇನ್ನೂ ಭಾಳ ವರ್ಷದ ಕೆಲ್ಸ ಐತೆ."

"ಅದನ್ನ ಅವತ್ತೇ ಹೇಳಬಾರದಿತ್ತಾ? ಕೂಸಿಗೆ ನಾನೇ ಕೈಯಾರೆ ವಿಷ ಕೊಟ್ಟಂಗಾತಲ್ಲ."

"ಕೊಟ್ಟಿದ್ದು ನೀವಲ್ಲ, ನನ್ ಬಾಯಿ," ಎಂದೆ. ಉಂಡೆ ನಿಲ್ಲಿಸಿದರೆ ರಕ್ತದಲ್ಲಿನ ಆ ಆಮ್ಲದ ಅಂಶ ಇಳಿಯುತ್ತದೆ, ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದ್ದನ್ನು ಅಕ್ಕ ಅವರಿಗೆ ಮತ್ತೆ ಮತ್ತೆ ಹೇಳಿದಳು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಬಾಗಿಲ ಬಳಿ ಸಬ್ಬಕ್ಕಿ ಉಪ್ಪಿಟ್ಟು ತಿನ್ನುತ್ತಾ ಪಾವನಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹಂಗಾದ್ರೆ ಉಂಡೆ ಇಲ್ವಾ, ಮಾವ?"

"ಇಲ್ಲ ಪುಟ್ಟಿ."

"ಮತ್ತೆ ನೀನು ದಿನಾ ಅಲ್ಲಿ ಏನ್ ಮಾಡ್ತೀಯ?"

ನಮ್ಮ ಮೇಲಿನವರೂ ವರ್ಷಕ್ಕೊಮ್ಮೆ ಇದನ್ನೇ ಕೇಳುತ್ತಾರೆ. ಬಣ್ಣದ ಗೆರೆಗಳನ್ನು ಪರದೆಯ ಮೇಲೆ ತೋರಿಸಿ ಪಾರಾಗುತ್ತೇನೆ. ಇಲ್ಲಿ ಪರದೆ ಇರಲಿಲ್ಲ. ಪಾವನಿ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ತಿನ್ನು. ತಿಂದು ಬಿರ್ರನೆ ಬಸ್ ಹತ್ತು. ಹೋಗಿ ಕೆಲ್ಸ ಮಾಡು."